ದೊಡ್ಡಣ್ಣ

ನಮ್ಮ ಪತ್ರಿಕೆಗಳ ವಿದೇಶ ಪುಟದಲ್ಲಿ ಅಮೆರಿಕಕ್ಕೆ ಇನ್ನೊಂದು ಹೆಸರಿದೆ: ದೊಡ್ಡಣ್ಣ. ತಲೆಬರಹ ಕೊಡುವವರಿಗೆ ಇದರಿಂದ ಎರಡು ಅನುಕೂಲ. ಜಾಗ ಉಳಿಯುತ್ತದೆ, ಕುಟುಕಿದಂತೆಯೂ ಆಗುತ್ತದೆ. ಮನೆಯ ದೊಡ್ಡಣ್ಣನಿಗೆ ಮಾತ್ರ ಈ ಕುಟುಕು ಅಂಟಿರಲಿಲ್ಲ. ಅವನು ತಂಗಿಯ ಮದುವೆಗೆ ಸಾಲ ಮಾಡುವವನು. ಪಾಲಾಗುವ ದಿನ ಯಾರಿಗೆ ಯಾವ ಗದ್ದೆ ಎಂದು ತಾನೇ ಹೇಳಿಬಿಡುವವನೂ ಹೌದು, ಬಿಡಿ.

ಈಗ ನೆರೆಯವರು ಈ ಪದವನ್ನು ನಮ್ಮ ಮೇಲೆ ಪ್ರಯೋಗಿಸಿದರೆ ನಮಗೆ ಕೋಪ ಬರುತ್ತದೆ. 2015ರ ಏಪ್ರಿಲಿನಲ್ಲಿ ನೇಪಾಳದಲ್ಲಿ ಭೂಕಂಪವಾದಾಗ ಕೆಲವೇ ಗಂಟೆಗಳಲ್ಲಿ ನಮ್ಮ ವಾಯುಪಡೆಯ ವಿಮಾನ ನೆರವು ಹೊತ್ತು ಇಳಿದಿತ್ತು. ಸೆಪ್ಟೆಂಬರಿನಲ್ಲಿ ಅಲ್ಲಿ ಹೊಸ ಸಂವಿಧಾನ ಬಂತು. ಅದರಲ್ಲಿ ತಮಗೆ ಅನ್ಯಾಯವಾಯಿತೆಂದು ದಕ್ಷಿಣದ ಬಯಲಿನ ಮಾಧೇಶಿಗಳು ಭಾರತದ ಗಡಿಯಲ್ಲಿ ಕುಳಿತರು. ಗಡಿಯೂರು ಬೀರಗಂಜ್ ದಾಟಬೇಕಿದ್ದ ಪೆಟ್ರೋಲ್, ಅಡುಗೆ ಅನಿಲದ ಲಾರಿಗಳು ತಿಂಗಳುಗಟ್ಟಲೆ ನಿಂತವು. ಕಠ್ಮಂಡುವಿನಲ್ಲಿ ಜನ ಸೌದೆ ಒಲೆ ಹಚ್ಚಿದರು. ಇದು ನಿಮ್ಮ ಒಳಜಗಳ ಎಂದಿತು ದೆಹಲಿ. ನೇಪಾಳಿಗಳು ‘ನಾಕಾಬಂದಿ’ ಎಂದರು, ಇವತ್ತಿಗೂ ಹಾಗೇ ಅನ್ನುತ್ತಾರೆ. ವಿಮಾನದ ನೆನಪು ಸಿಲಿಂಡರ್ ಸಾಲಿನಲ್ಲೇ ಕರಗಿಹೋಯಿತು.

ಚೀನಾದ್ದು ಇನ್ನೂ ಸ್ವಾರಸ್ಯದ ಕತೆ. 1950ರ ದಶಕದಲ್ಲಿ ಅಲ್ಲಿನವರು ಸೋವಿಯತ್ ಒಕ್ಕೂಟವನ್ನು ‘ಲಾವ್ ದಾಗೆ’ ಎನ್ನುತ್ತಿದ್ದರು. ನಮ್ಮ ದೊಡ್ಡಣ್ಣನೇ, ವ್ಯಂಗ್ಯವಿಲ್ಲದೆ. 1969ರಲ್ಲಿ ಇಬ್ಬರೂ ಉಸ್ಸೂರಿ ನದಿಯ ಗಡಿಯಲ್ಲಿ ಗುಂಡು ಹಾರಿಸಿಕೊಂಡರು. ಮುಂದೆ ತಾನೇ ಬೆಳೆದು ನಿಂತ ಚೀನಾ ಮಾತಿನಲ್ಲಿ ಬಲು ಎಚ್ಚರ ವಹಿಸಿತು. 2003ರಲ್ಲಿ ಪಕ್ಷದ ಚಿಂತಕ ಝೆಂಗ್ ಬಿಜಿಯಾನ್ ‘ಶಾಂತಿಯುತ ಏಳಿಗೆ’ ಎಂದರು. ಏಳಿಗೆ ಎಂದರೆ ನೆರೆಹೊರೆ ಬೆಚ್ಚೀತೆಂದೋ ಏನೋ, ಮರುವರ್ಷವೇ ನಾಯಕರ ಬಾಯಲ್ಲಿ ಅದು ‘ಶಾಂತಿಯುತ ಅಭಿವೃದ್ಧಿ’ ಆಯಿತು. ದಕ್ಷಿಣ ಚೀನಾ ಸಮುದ್ರಕ್ಕಿಳಿಯುವ ಫಿಲಿಪ್ಪೀನ್ಸಿನ ಮೀನುಗಾರನಿಗೆ ಈ ತಿದ್ದುಪಡಿಯಿಂದ ಏನೂ ಸಿಗಲಿಲ್ಲ.

ಹಾಗೆಂದು ದೂರುವವರೆಲ್ಲ ಪಾಪದವರೆಂದೂ ನಾನು ನಂಬುವುದಿಲ್ಲ. ದೊಡ್ಡಣ್ಣನನ್ನು ಬೈದರೆ ಓಟು ಬೀಳುತ್ತದೆ. 1988ರಲ್ಲಿ ಮಾಲ್ದೀವ್ಸ್ ಸರ್ಕಾರವನ್ನು ಕ್ಷಿಪ್ರಕ್ರಾಂತಿಯಿಂದ ಉಳಿಸಿದ್ದು ನಮ್ಮ ಸೈನಿಕರು. 2014ರಲ್ಲಿ ಅಲ್ಲಿನ ರಾಜಧಾನಿ ಮಾಲೆಯ ನೀರಿನ ಘಟಕಕ್ಕೆ ಬೆಂಕಿ ಬಿದ್ದಾಗ ಕುಡಿಯುವ ನೀರು ಕಳಿಸಿದ್ದೂ ನಾವೇ. ಆದರೂ 2023ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮುಯಿಝು ಭಾರತೀಯ ಸೈನಿಕರನ್ನು ಹೊರಹಾಕುತ್ತೇನೆಂದೇ ಗೆದ್ದರು. 2024ರ ಅಕ್ಟೋಬರಿನಲ್ಲಿ ದೆಹಲಿಗೆ ಬಂದು 40 ಕೋಟಿ ಡಾಲರ್ ಹಾಗೂ 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯ ಒಪ್ಪಂದ ಮಾಡಿಕೊಂಡು ಹೋದರು. ಅದೇ ಭೇಟಿಯಲ್ಲಿ ಬೆಂಗಳೂರಿನಲ್ಲಿ ಮಾಲ್ದೀವ್ಸ್ ಕಾನ್ಸುಲೇಟ್ ತೆರೆಯುವ ಮಾತೂ ಆಯಿತು. ಚಿಕಿತ್ಸೆಗೂ ಓದಿಗೂ ಬರುವ ಮಾಲ್ದೀವಿಗರಿಗೆ ಈ ಊರೇನೂ ಹೊಸದಲ್ಲ.