ನಾಟಕ ಯಾರದು? ಗಡಿಯ ಊರಿನಿಂದ ಒಂದು ಪ್ರಶ್ನೆ

ಇವತ್ತಿನ ಮಾತು ಆಳಂದ ತಾಲ್ಲೂಕಿನ ಸರಸಂಬಾದ ಕಡೆಯಿಂದ ಶುರು ಮಾಡೋಣ. ಇಲ್ಲಿಂದ ಮಹಾರಾಷ್ಟ್ರದ ಗಡಿ ದೂರ ಇಲ್ಲ. ಸಂತಿ, ದವಾಖಾನಿ, ಬೀಗತನ ಎಲ್ಲಾ ಗಡಿಯ ಎರಡೂ ಕಡೆ ಅದಾವ. ಅಕ್ಕಲಕೋಟ, ಸೊಲ್ಲಾಪುರದಾಗ ಕನ್ನಡ ಕೇಳಸ್ತದ, ಈ ಕಡೆ ಮರಾಠಿ ಕೇಳಸ್ತದ. ನಾಟಕದ ಹುಚ್ಚಿದ್ದವರ ಜೊತಿ ಕೂತ್ರ ಒಂದು ಮಾತು ಬಂದೇ ಬರ್ತದ: "ಏನೇ ಅನ್ರಿ, ನಾಟಕ ಅಂದ್ರ ಮರಾಠಿಯವರದು. ನಮ್ಮದೇನಿದ್ರೂ ಬಯಲಾಟ."

ಈ ಮಾತನ್ನ ನಾನೂ ಭಾಳ ವರ್ಷ ನಂಬಿದ್ದೆ. ಆದರೆ ಇತಿಹಾಸ ಬೇರೆಯೇ ಹೇಳ್ತದ.

1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಹೋಯಿತು. ಅಲ್ಲಿನ ಸಂಸ್ಥಾನದ ದೊರೆ ಪಟವರ್ಧನರ ಮುಂದೆ ಆಟ ಆಡಿತು. ದೊರೆಗೆ ಅದು ಹಿಡಿಸಿತು. ಹಿಂಗೇ ಮರಾಠಿಯೊಳಗ ಒಂದು ಮಾಡು ಅಂತ ತನ್ನ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಗೆ ಹೇಳಿದ. ಮರುವರ್ಷ, 1843ರ ನವೆಂಬರ್ 5ರಂದು, ಭಾವೆಯ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಇವತ್ತಿಗೂ ಮಹಾರಾಷ್ಟ್ರದಲ್ಲಿ ನವೆಂಬರ್ 5 ಮರಾಠಿ ರಂಗಭೂಮಿ ದಿನ. ಅಂದ್ರ ಆ ಹಬ್ಬದ ಹಿಂದೆ ಒಂದು ಕನ್ನಡ ಮೇಳದ ಚಂಡೆಯ ಸಪ್ಪಳ ಇದೆ.

ಆಮೇಲೆ ಏನಾಯ್ತು ಕೇಳ್ರಿ. ಮರಾಠಿ ನಾಟಕ ಮಂಡಳಿಗಳು ಬೆಳೆದವು, ತಿರುಗಾಟಕ್ಕೆ ಹೊರಟವು. ಧಾರವಾಡ, ಹುಬ್ಬಳ್ಳಿ, ಗದಗಕ್ಕೂ ಬಂದವು. ಆಗ ಆ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು. ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ಮರ್ಯಾದೆ. ಕನ್ನಡದ ಜನ ರೊಕ್ಕ ಕೊಟ್ಟು ಮರಾಠಿ ನಾಟಕ ನೋಡಿ ಬಂದು, "ನಮ್ಮ ಭಾಷೆಗೆ ಇದು ಆಗೋದಲ್ಲ" ಅಂದುಕೊಂಡರು. ಕೊಟ್ಟವರೇ ತಾವು ಕೊಟ್ಟದ್ದನ್ನು ಮರೆತಿದ್ದರು.

ಇದನ್ನು ಸಹಿಸದವರೂ ಇದ್ದರು. ಚುರಮುರಿ ಶೇಷಗಿರಿರಾಯರು 1870ರ ಆಸುಪಾಸಿನಲ್ಲಿ ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ವಿಲಿಯಂ ಜೋನ್ಸ್ 1789ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಯುರೋಪಿನ ಪಂಡಿತರೆಲ್ಲ ತಲೆದೂಗಿದ್ದ ನಾಟಕ ಅದು. ಚುರಮುರಿಯವರು ಅದನ್ನು ಪಂಡಿತರಿಗಾಗಿ ಬರೆಯಲಿಲ್ಲ, ಉತ್ತರ ಕರ್ನಾಟಕದ ಜನರ ನಾಲಿಗೆಗೆ ಒಗ್ಗುವಂತೆ ಬರೆದರು.

ಇನ್ನೊಬ್ಬರು ಸಕ್ಕರಿ ಬಾಳಾಚಾರ್ಯರು. ನಮಗೆಲ್ಲ ಗೊತ್ತಿರೋ ಹೆಸರು ಶಾಂತಕವಿ. ಹುಟ್ಟಿದ್ದು 1856ರಲ್ಲಿ. ಸಾಲಿ ಮಾಸ್ತರಿಕೆ ಮಾಡ್ತಿದ್ದ ಮನುಷ್ಯ, ಕೈಯಾಗ ದುಡ್ಡಿಲ್ಲ. ಆದರೂ 1870ರ ದಶಕದಲ್ಲಿ 'ಉಷಾಹರಣ' ಬರೆದು, ಗದಗದಲ್ಲಿ ಮಂಡಳಿ ಕಟ್ಟಿ ಆಡಿಸಿದರು. ಉತ್ತರ ಕರ್ನಾಟಕದ ಕಂಪನಿ ನಾಟಕಗಳ ದಾರಿ ಅಲ್ಲಿಂದ ತೆರೆಯಿತು.

ಕಥೆಗೆ ಇನ್ನೊಂದು ತಿರುವು ಅದ. ಮರಾಠಿ ಸಂಗೀತ ನಾಟಕದ ಪಿತಾಮಹ ಅನ್ನಿಸಿಕೊಂಡ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು 1843ರಲ್ಲಿ, ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಸೀಮೆ ಶ್ರೀಕೃಷ್ಣ ಪಾರಿಜಾತದ ತವರು. ಅವರ 'ಶಾಕುಂತಲ' ಪುಣೆಯಲ್ಲಿ ರಂಗಕ್ಕೆ ಬಂದದ್ದು 1880ರ ಅಕ್ಟೋಬರ್ 31ಕ್ಕೆ. ಚುರಮುರಿಯವರ ಶಕುಂತಲೆ ಕನ್ನಡದಲ್ಲಿ ಮಾತಾಡಿ ಆಗಲೇ ಸುಮಾರು ಹತ್ತು ವರ್ಷ ಆಗಿತ್ತು.

ಹಂಗಂತ "ಎಲ್ಲಾ ನಮ್ಮದೇ" ಅಂತ ಎದಿ ತಟ್ಟಿಕೊಳ್ಳೋದು ಬ್ಯಾಡ. ನಮ್ಮ ಕಂಪನಿಗಳೂ ಮರಾಠಿಯಿಂದ ಕಲಿತಾವ. ರಂಗಗೀತೆಯ ಧಾಟಿ, ಪರದೆ, ಪೇಟಿ, ಕಂಪನಿ ನಡೆಸೋ ಶಿಸ್ತು, ಇವುಗಳಲ್ಲಿ ಅವರ ಪಾಲು ದೊಡ್ಡದು. ಗಡಿ ಅನ್ನೋದು ನಕಾಶೆಯಲ್ಲಿ ಗೆರೆ. ನಾಟಕದವರಿಗೆ ಅದು ಕೊಡು-ಕೊಳ್ಳುವ ಅಂಗಳ.

ಈಗ ಮತ್ತ ನಮ್ಮ ಕಡೆ ಬರೋಣ. ಆಳಂದ, ಅಫಜಲಪುರ, ಜೇವರ್ಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಡಳಿತದ ಭಾಷೆ ಉರ್ದು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದ್ದಾಯ್ತು. ಕನ್ನಡ ಸಾಲಿ ಕಡಿಮೆ ಇದ್ದ ಕಾಲದಲ್ಲಿ, ಓದು ಬಾರದವರ ಕಿವಿಗೆ ಕನ್ನಡದ ಪದ್ಯ ಬಿದ್ದದ್ದು ಎಲ್ಲಿ? ಭಜನಿಯೊಳಗ, ದೊಡ್ಡಾಟದೊಳಗ, ಜಾತ್ರಿಯ ನಾಟಕದೊಳಗ.

ಕಂದಗಲ್ ಹನುಮಂತರಾಯರ 'ರಕ್ತರಾತ್ರಿ' ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರ್ತದ. ಕುರುಕ್ಷೇತ್ರ ಯುದ್ಧ ಮುಗಿದ ರಾತ್ರಿ, ಮಲಗಿದ್ದ ಉಪಪಾಂಡವರನ್ನು ಅಶ್ವತ್ಥಾಮ ಕೊಂದ ಕಥೆ. ಪ್ರಾಸದ ಮೇಲೆ ಪ್ರಾಸ, ಉಸಿರು ಕಟ್ಟೋ ಉದ್ದ ಮಾತು. ಹಗಲೆಲ್ಲ ತೊಗರಿ ಹೊಲದಾಗ ದುಡಿದವರು ರಾತ್ರಿ ಕಂದೀಲು ಹಚ್ಚಿಕೊಂಡು ತಾಲೀಮು ಮಾಡಿ, ಮಾಸ್ತರರ ಬಾಯಿಂದ ಕೇಳಿ ಕೇಳಿ ಇಂಥ ಮಾತು ಬಾಯಿಪಾಠ ಮಾಡ್ತಿದ್ದರು. ಕಾಲೇಜಿನಲ್ಲಿ ಕ್ಲಾಸಿಕ್ ಅಂದ್ರ ಪಠ್ಯದಾಗ ಇರೋದು. ಹಳ್ಳಿಯಲ್ಲಿ ಕ್ಲಾಸಿಕ್ ಅಂದ್ರ ನಲವತ್ತು ವರ್ಷ ಆದ ಮೇಲೂ ಮುದುಕರ ಬಾಯಾಗ ಉಳಿದಿರೋದು. ಎರಡನೆಯದೇನೂ ಸಣ್ಣದಲ್ರಿ.

ಆದರ ಅದಕ್ಕೊಂದು ಅಪಾಯ ಅದ. ಕಾಳಿದಾಸ ಪುಸ್ತಕದಲ್ಲಿ ಇರ್ತಾನೆ, ಎಲ್ಲಿಗೂ ಹೋಗಂಗಿಲ್ಲ. ನಿಮ್ಮೂರಾಗ ಭೀಮನ ಪಾರ್ಟು ಮಾಡಿದ ಮುತ್ಯಾ ಹೋದ್ರ, ಆ ದನಿ, ಆ ಏರಿಳಿತ, ಪದ ಎತ್ತೋ ರೀತಿ ಅವರ ಸಂಗಾಟೇ ಹೋಗ್ತದ. ಮೊದಲ ಸಲ ನಾವು ಕೊಟ್ಟದ್ದನ್ನ ಮರೆತಾಗ ನೆನಪು ಮಾಡಿಕೊಡಲಿಕ್ಕೆ ಒಬ್ಬ ಶಾಂತಕವಿ ಇದ್ದರು. ಈ ಸಲ ಯಾರು?

ಈಗ ನೀವು ಇದನ್ನು ಕೇಳ್ತಿರೋ ಫೋನಿನಾಗೇ ರೆಕಾರ್ಡ್ ಬಟನ್ ಅದ. ಇವತ್ತು ಸಂಜಿಗೆ ಕಟ್ಟಿ ಮ್ಯಾಲ ಮುತ್ಯಾನ ಹಂತ್ಯಾಕ ಕುಂದ್ರಿ. "ನೀವು ಯಾವ ಪಾರ್ಟು ಮಾಡಿದ್ರಿ?" ಅಂತ ಕೇಳ್ರಿ. ಮೊದಲು "ಏ, ಈಗೆಲ್ಲಿ ನೆನಪು ಇರ್ತದೋ" ಅಂತಾರ. ಸ್ವಲ್ಪ ತಡೀರಿ. ಆಮೇಲೆ ಸುಮ್ಮನ ಬಟನ್ ಒತ್ತಿ ಕೇಳ್ರಿ.

ಮತ್ತ ಸಿಗೋಣ.