ಸಂಗ್ರಹ (ಸಾಹಿತ್ಯ)

ಸಂಗ್ರಹ ಎಂಬುದು ದೀರ್ಘವಾದ ಕೃತಿಯೊಂದನ್ನು ಅದರ ಮುಖ್ಯಾಂಶಗಳಿಗೆ ಲೋಪ ಬಾರದಂತೆ ಚಿಕ್ಕದಾಗಿಸುವ ಕ್ರಮ; ಹಾಗೆ ಸಿದ್ಧವಾದ ಗ್ರಂಥಕ್ಕೂ ಇದೇ ಹೆಸರು. ಇದು ಸಂಸ್ಕೃತದ 'ಗ್ರಹ್' (ಹಿಡಿ) ಧಾತುವಿನಿಂದ ಬಂದ ಪದ. 'ಒಟ್ಟುಗೂಡಿಸುವುದು' ಎಂಬುದು ಇದರ ಇನ್ನೊಂದು ಅರ್ಥ. 'ಕವನ ಸಂಗ್ರಹ' ಎಂದರೆ ಹಲವು ಕವನಗಳ ಕಟ್ಟು. 'ಕಾವ್ಯ ಸಂಗ್ರಹ' ಎಂದರೆ ಸಾಮಾನ್ಯವಾಗಿ ಒಂದೇ ಕಾವ್ಯದ ಅಡಕವಾದ ರೂಪ. ಈ ಎರಡು ಅರ್ಥಗಳನ್ನು ಸಂದರ್ಭದಿಂದಲೇ ತಿಳಿಯಬೇಕು.

ಸಮೀಪದ ಪದಗಳು

* ಸಂಕ್ಷೇಪ: ವಿಸ್ತಾರಕ್ಕೆ ವಿರುದ್ಧವಾದುದು. ಯಾವುದೇ ಬರಹ ಅಥವಾ ಮಾತನ್ನು ಚಿಕ್ಕದಾಗಿಸುವುದಕ್ಕೆ ಸಲ್ಲುತ್ತದೆ.
* ಸಾರಾಂಶ: ಮೂಲದ ತಿರುಳನ್ನು ಬರೆಯುವವನು ತನ್ನ ಮಾತುಗಳಲ್ಲಿ ಹೇಳುವುದು.
* ಭಾವಾರ್ಥ: ಪದ್ಯದ ಆಶಯದ ವಿವರಣೆ. ಇದು ಮೂಲಕ್ಕಿಂತ ದೀರ್ಘವಾಗಿಯೂ ಇರಬಹುದು.

ಕಾವ್ಯ ಸಂಗ್ರಹದಲ್ಲಿ ಉಳಿಯುವುದು ಕವಿಯ ಪದ್ಯಗಳೇ. ಆಯ್ಕೆ ಮಾತ್ರ ಸಂಪಾದಕರದು. ಸಾರಾಂಶಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವಿದು.

ಕನ್ನಡದಲ್ಲಿ ಬಳಕೆ

ಇಪ್ಪತ್ತನೆಯ ಶತಮಾನದಲ್ಲಿ ಹಳಗನ್ನಡ ಮತ್ತು ನಡುಗನ್ನಡ ಕಾವ್ಯಗಳು ವಿದ್ಯಾರ್ಥಿಗಳನ್ನು ತಲುಪುವುದಕ್ಕೆ ಸಂಗ್ರಹಗಳು ನೆರವಾದವು. ಚಿತ್ರದುರ್ಗ ಜಿಲ್ಲೆಯ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು (1885–1939) ಎ.ಆರ್. ಕೃಷ್ಣಶಾಸ್ತ್ರಿಗಳೊಡನೆ ಸಿದ್ಧಪಡಿಸಿದ 'ಹರಿಶ್ಚಂದ್ರ ಕಾವ್ಯ ಸಂಗ್ರಹ' ರಾಘವಾಂಕನ ಷಟ್ಪದಿ ಕಾವ್ಯದ ಅಡಕ ರೂಪ. ರನ್ನನ ಹತ್ತು ಆಶ್ವಾಸಗಳ ಚಂಪೂಕಾವ್ಯವನ್ನು ತೀ.ನಂ. ಶ್ರೀಕಂಠಯ್ಯನವರು 'ಗದಾಯುದ್ಧ ಸಂಗ್ರಹ'ವಾಗಿ ಕೊಟ್ಟರು. ಕೃಷ್ಣಶಾಸ್ತ್ರಿಗಳ 'ವಚನ ಭಾರತ' ಇದಕ್ಕಿಂತ ಭಿನ್ನ: ಅದು ಮಹಾಭಾರತದ ಕಥೆಯ ಗದ್ಯರೂಪದ ಸಂಕ್ಷೇಪ.

ಸಂಕ್ಷೇಪಿಸುವ ಕ್ರಮ

ಶಾಲಾ ಅಭ್ಯಾಸದಲ್ಲಿ ಗದ್ಯಭಾಗವನ್ನು ಸಾಮಾನ್ಯವಾಗಿ ಮೂರನೆಯ ಒಂದು ಭಾಗಕ್ಕೆ ಇಳಿಸಲಾಗುತ್ತದೆ. ಪುನರುಕ್ತಿ, ಅಲಂಕಾರ ಹಾಗೂ ಉದಾಹರಣೆಗಳನ್ನು ಬಿಟ್ಟು ವಾಕ್ಯಗಳನ್ನು ಕೂಡಿಸಬೇಕು. ಮೂಲದಲ್ಲಿಲ್ಲದ ಅಭಿಪ್ರಾಯವನ್ನು ಸೇರಿಸಬಾರದು.

ಮೂಲ: "ಹರಿಹರ ಪಟ್ಟಣವು ತುಂಗಭದ್ರಾ ನದಿಯ ದಡದಲ್ಲಿದೆ. ಈ ಪಟ್ಟಣದಲ್ಲಿ ಹರಿಹರೇಶ್ವರ ದೇವಾಲಯವಿದೆ. ಆ ದೇವಾಲಯವು ಹೊಯ್ಸಳರ ಕಾಲದಲ್ಲಿ ನಿರ್ಮಾಣವಾಯಿತು. ಅಲ್ಲಿಯ ಮೂರ್ತಿಯ ಒಂದು ಪಾರ್ಶ್ವ ಶಿವನದು, ಮತ್ತೊಂದು ಪಾರ್ಶ್ವ ವಿಷ್ಣುವಿನದು."

ಸಂಕ್ಷೇಪ: "ತುಂಗಭದ್ರಾತೀರದ ಹರಿಹರದಲ್ಲಿರುವ ಹೊಯ್ಸಳರ ಕಾಲದ ದೇವಾಲಯದಲ್ಲಿ ಶಿವವಿಷ್ಣುಗಳು ಒಂದೇ ಮೂರ್ತಿಯಲ್ಲಿದ್ದಾರೆ."

ಇಲ್ಲಿ 22 ಪದಗಳು 8 ಪದಗಳಾಗಿವೆ. ದೇವಾಲಯದ ಹೆಸರು ಬಿಟ್ಟುಹೋಗಿದೆ. ಓದುಗನಿಗೆ ಹೆಸರೇ ಮುಖ್ಯವಾದಲ್ಲಿ ಈ ಸಂಕ್ಷೇಪ ಸಾಲದು. ಯಾವುದನ್ನು ಬಿಡಬಹುದೆಂಬುದು ಉದ್ದೇಶವನ್ನು ಅವಲಂಬಿಸಿರುತ್ತದೆ.

ಮಿತಿ

ಸಂಗ್ರಹವು ಕಾವ್ಯಕ್ಕೆ ಪ್ರವೇಶವೇ ಹೊರತು ಕಾವ್ಯಕ್ಕೆ ಬದಲಿಯಲ್ಲ. ಕಥೆಯ ಓಟಕ್ಕೆ ಬೇಡವೆಂದು ವರ್ಣನೆಗಳನ್ನು ಕೈಬಿಟ್ಟರೆ ಕವಿಯ ಪ್ರತಿಭೆಯ ಒಂದು ಮುಖವೇ ಮರೆಯಾಗಬಹುದು. ಸಂಗ್ರಹದಲ್ಲಿ ಒಂದು ಪದ್ಯ ಕಾಣದಿದ್ದ ಮಾತ್ರಕ್ಕೆ ಕವಿ ಅದನ್ನು ಬರೆದಿಲ್ಲವೆಂದು ಹೇಳಲಾಗದು. ಪದ್ಯಗಳ ಸಂಖ್ಯೆಯೂ ಮೂಲಕ್ಕಿಂತ ಬೇರೆಯಾಗಿರಬಹುದಾದ್ದರಿಂದ, ಉಲ್ಲೇಖಿಸುವಾಗ ಬಳಸಿದ್ದು ಸಂಗ್ರಹವೋ ಪೂರ್ಣಪಾಠವೋ ಎಂಬುದನ್ನು ಸ್ಪಷ್ಟಪಡಿಸುವುದು ಅಗತ್ಯ.