ಗಂಗೆಯ ಮೀನು, ಬೆಂಗಳೂರಿನ ಕೆರೆ

ಬೆಂಗಳೂರಿಗೆ ಹೇಳಿಕೊಳ್ಳುವಂಥ ಹೊಳೆಯಿಲ್ಲ. ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿಯನ್ನು ಈಗ ಹೊಳೆ ಎನ್ನಲು ನಾಲಗೆ ಏಳದು. ಇಲ್ಲಿ ಮೀನಿಗೆ ಕೆರೆಯೇ ಗತಿ: ಚಾಮರಾಜಪೇಟೆ ಪಕ್ಕದ ಕೆಂಪಾಂಬುಧಿ, ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿಹೋದ ಧರ್ಮಾಂಬುಧಿ, ಮಲ್ಲೇಶ್ವರದ ಬಳಿ 1882ರ ಸ್ಯಾಂಕಿ ಕೆರೆ.

ಕೆರೆ ಮೀನಿಗೂ ಋತುವಿದೆ. ಕೋಡಿ ಹರಿದಾಗ ಎದುರು ಈಜುವ ಮೀನಿಗೆ ಬಿದಿರಿನ ಕೂಳಿ. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದರೆ ಬೀಸುಬಲೆ, ಕೆಸರಿಗೆ ಕೈಹಾಕಿ ಹಿಡಿಯುವ ಕೊರಮೀನು.

ಕಾಟ್ಲಾ, ರೋಹು ಮಾತ್ರ ಪರವೂರಿನವು. ಮೂಲ ಗಂಗೆಯ ಸೀಮೆ. ಮುಂಗಾರಿನ ಹರಿವಿನಲ್ಲಿ ಮೊಟ್ಟೆಯಿಡುವ ಇವು ನಿಂತ ನೀರಲ್ಲಿ ಮರಿ ಮಾಡವು. ಹಾಗಾಗಿ ಉತ್ತರದ ನದಿಗಳಲ್ಲೇ ಮರಿ ಸೋಸಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮೀನಿಗೆ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ, ಕೊಳದಲ್ಲೇ ಮೊಟ್ಟೆ ಇಡಿಸಿದರು.

ಈಗ ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕೆರೆ ದಂಡೆಗೆ ಬಂದಿಳಿಯುತ್ತವೆ.